ತಿಂಗಳಾಳ್ಚ ಮಾತ್ರಂ: ಗಡಿನಾಡಿನ ಒಂದು ಔಷಧ ಕಿಟಕಿಯ ಪ್ರಕರಣ ಅಧ್ಯಯನ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಒಂದು ಸರ್ಕಾರಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ನಾನು ಬಹುಕಾಲ ಫಾರ್ಮಸಿಸ್ಟ್ ಆಗಿ ಕೆಲಸ ಮಾಡಿದ್ದೇನೆ. ಆ ವಿಭಾಗದ ಕಿಟಕಿಯಲ್ಲಿ ಸಂಭವಿಸಿದ ಒಂದು ತಪ್ಪನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆ ತಪ್ಪಿನಿಂದ ನಾವು ಕಲಿತ ಒಂದು ಸಣ್ಣ ರೂಢಿಯನ್ನು ಸುತ್ತಲಿನ ಆರು ಆರೋಗ್ಯ ಕೇಂದ್ರಗಳಿಗೆ ಒಯ್ಯಲು ಹೋಗಿ ಮೊದಲ ಸಲ ಹೇಗೆ ಸೋತೆವು, ಎರಡನೆಯ ಸಲ ಎಷ್ಟರಮಟ್ಟಿಗೆ ಗೆದ್ದೆವು ಎಂಬುದು ಈ ಬರಹದ ಹೆಚ್ಚಿನ ಭಾಗ. ರೋಗಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ಆಸ್ಪತ್ರೆಯ ಹೆಸರನ್ನೂ ಹೇಳುವುದಿಲ್ಲ.

ಘಟನೆ

ರೋಗಿ ಅರುವತ್ತು ದಾಟಿದ ಮಹಿಳೆ. ಮನೆಯಲ್ಲಿ ತುಳು, ಪೇಟೆಗೆ ಬಂದರೆ ಕನ್ನಡ. ಮಲಯಾಳ ಕಿವಿಗೆ ಬಿದ್ದು ಅಭ್ಯಾಸವಿದೆಯೇ ಹೊರತು ಆಡಿ ಅಭ್ಯಾಸವಿಲ್ಲ. ಬೆರಳ ಗಂಟುಗಳು ಊದಿ, ಮೆಟ್ಟುಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವುದು ಅಸಾಧ್ಯವಾದಾಗ ಅವರನ್ನು ಮಂಗಳೂರಿಗೆ ಕರೆದೊಯ್ದರು. ಅಲ್ಲಿ ಅದು ರುಮಟಾಯ್ಡ್ ಸಂಧಿವಾತ ಎಂದು ಗುರುತಿಸಿ, ವಾರಕ್ಕೊಮ್ಮೆ ಸೋಮವಾರ 7.5 ಮಿಲಿಗ್ರಾಂ ಮೆಥೋಟ್ರೆಕ್ಸೇಟ್ ಮತ್ತು ಬೇರೊಂದು ದಿನ ಫೋಲಿಕ್ ಆಸಿಡ್ ತೆಗೆದುಕೊಳ್ಳುವಂತೆ ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಪ್ರತಿ ಸಲ ಮಂಗಳೂರಿಗೆ ಹೋಗುವ ಖರ್ಚು ತಾಳಲಾರದೆ ಅವರು ಆ ಕಾಗದವನ್ನು, ಇಲ್ಲಿನ ರೋಗಿಗಳೆಲ್ಲ ಮಾಡುವಂತೆ, ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ನಮ್ಮ ಆಸ್ಪತ್ರೆಗೆ ಬಂದರು. ನಮ್ಮ ವೈದ್ಯರು ಅದನ್ನು ನೋಡಿ ಒ.ಪಿ. ಚೀಟಿಗೆ ಸರಿಯಾಗಿಯೇ ನಕಲು ಮಾಡಿದರು. ಮಾತ್ರೆ ಸ್ಥಳೀಯವಾಗಿ ಖರೀದಿಸಿದ ದಾಸ್ತಾನಿನಲ್ಲಿತ್ತು.

ಆ ದಿನ ಕಿಟಕಿಯಲ್ಲಿದ್ದವರು ದಕ್ಷಿಣ ಕೇರಳದಿಂದ ನೇಮಕವಾಗಿ ಬಂದು ಕೆಲವೇ ತಿಂಗಳಾಗಿದ್ದ ಯುವಕ. ನಾನು ಒಳಕೋಣೆಯಲ್ಲಿ ದಾಸ್ತಾನು ಎಣಿಸುತ್ತಿದ್ದೆ. ಆತ ಅವಸರ ಮಾಡಲಿಲ್ಲ, ಉದಾಸೀನವನ್ನೂ ತೋರಲಿಲ್ಲ. ಹತ್ತು ಮಾತ್ರೆಗಳ ಒಂದು ಸ್ಟ್ರಿಪ್ಪನ್ನು ಕವರಿಗೆ ಹಾಕಿ, "ಅಮ್ಮಾ, ತಿಂಗಳಾಳ್ಚ ಮಾತ್ರಂ ಕಳಿಕ್ಕಣಂ" ಎಂದು ಎರಡು ಸಲ ಹೇಳಿದರು. ಅಮ್ಮ ತಲೆಯಾಡಿಸಿದರು.

ಮಲಯಾಳದಲ್ಲಿ ಆ ಮಾತಿನ ಅರ್ಥ "ಸೋಮವಾರ ಮಾತ್ರ ತೆಗೆದುಕೊಳ್ಳಬೇಕು" ಎಂದು. ಅಮ್ಮನ ಕಿವಿಗೆ ಅದರ ಒಂದೊಂದು ಪದವೂ ಪರಿಚಿತವಾಗಿಯೇ ಕೇಳಿಸಿತು. ತಿಂಗಳು ಎಂದರೆ ಮೂವತ್ತು ದಿನ. ಮಾತ್ರಂ ಎಂದರೆ ಮಾತ್ರೆ. ಕಳಿಕ್ಕಣಂ ಎಂದರೆ ಕಳೆಯಬೇಕು, ಮುಗಿಸಬೇಕು. ತಿಂಗಳ ಮಾತ್ರೆ, ಮುಗಿಸಬೇಕು. ಗೊತ್ತಿಲ್ಲದ ಭಾಷೆಯಾಗಿದ್ದರೆ ಅವರು "ಎಂತ ಹೇಳಿದ್ದು?" ಎಂದು ಕೇಳುತ್ತಿದ್ದರು. ಅರ್ಧ ಗೊತ್ತಿದ್ದ ಭಾಷೆಯಾದ್ದರಿಂದ ಕೇಳಲಿಲ್ಲ. ಹತ್ತು ಮಾತ್ರೆ ತಿಂಗಳಿಗೆ ಸಾಲದಲ್ಲ ಎಂಬ ಸಂಶಯ ಬಂದಿತ್ತಂತೆ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಕಂತಿನಲ್ಲಿ ಸಿಗುವುದು ಹೊಸತೇನಲ್ಲವಾದ್ದರಿಂದ, ಮುಗಿದ ಮೇಲೆ ಮೊಮ್ಮಗನನ್ನು ಕಳಿಸಿದರಾಯಿತು ಎಂದುಕೊಂಡರು. ಮರುದಿನದಿಂದ ದಿನಕ್ಕೊಂದು ನುಂಗತೊಡಗಿದರು.

ಮೆಥೋಟ್ರೆಕ್ಸೇಟನ್ನು ದೊಡ್ಡ ಪ್ರಮಾಣದಲ್ಲಿ ಕ್ಯಾನ್ಸರಿಗೂ, ಸಣ್ಣ ಪ್ರಮಾಣದಲ್ಲಿ ವಾರಕ್ಕೊಮ್ಮೆ ಸಂಧಿವಾತಕ್ಕೂ ಕೊಡುತ್ತಾರೆ. ಜೀವಕೋಶಗಳು ಒಡೆದು ಹೆಚ್ಚಲು ಬೇಕಾದ ಫೋಲೇಟ್ ಎಂಬ ಜೀವಸತ್ವದ ಕೆಲಸವನ್ನು ಅದು ತಡೆಯುತ್ತದೆ. ಬಾಯಿಯ ಒಳಪದರ, ಕರುಳು, ಮೂಳೆಯ ಮಜ್ಜೆ ಇವೆಲ್ಲ ಸದಾ ಹೊಸ ಕೋಶಗಳನ್ನು ಹುಟ್ಟಿಸುತ್ತಲೇ ಇರಬೇಕಾದ ಭಾಗಗಳಾದ್ದರಿಂದ ಹೊಡೆತ ಮೊದಲು ಬೀಳುವುದು ಅವಕ್ಕೇ. ವಾರದಲ್ಲಿ ಆರು ದಿನ ಬಿಡುವು ಸಿಕ್ಕಿದರೆ ಅವು ಚೇತರಿಸಿಕೊಳ್ಳುತ್ತವೆ. ದಿನವೂ ನುಂಗಿದರೆ ಆ ಬಿಡುವೇ ಇಲ್ಲ. ಬಾಯಿ ಹುಣ್ಣು, ಭೇದಿ, ಬಿಳಿ ರಕ್ತಕಣಗಳ ಕುಸಿತ, ಅದರ ಬೆನ್ನಿಗೆ ಸೋಂಕು, ಕೊನೆಗೆ ಸಾವೂ ಬರಬಹುದು. ಇದು ಜಗತ್ತಿನಾದ್ಯಂತ ಮರುಕಳಿಸುವ ತಪ್ಪು. 2019ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು ಈ ಒಂದು ತಪ್ಪನ್ನು ತಡೆಯುವ ಸಲುವಾಗಿಯೇ ಎಚ್ಚರಿಕೆಯ ಮುದ್ರಣ, ರೋಗಿ ಕಾರ್ಡು ಮುಂತಾದ ಹೊಸ ಕ್ರಮಗಳನ್ನು ಶಿಫಾರಸು ಮಾಡಿತು. ಸೋಮವಾರವನ್ನು ಆರಿಸಬೇಡಿ, ಇಂಗ್ಲಿಷಿನಲ್ಲಿ ಅದನ್ನು ಚುಟುಕಾಗಿ ಬರೆದರೆ ಬೆಳಿಗ್ಗೆ ಎಂದು ಓದಿಕೊಳ್ಳುವ ಅಪಾಯವಿದೆ ಎಂದು ಅಮೆರಿಕದ ಔಷಧ ಸುರಕ್ಷತಾ ತಜ್ಞರು ಎಚ್ಚರಿಸಿದ್ದರು. ಅದೇ ಸೋಮವಾರ ನಮ್ಮಲ್ಲಿ ಬೇರೊಂದು ದಾರಿಯಿಂದ ಕಾಲು ಜಾರಿಸಿತು.

ಒಂಬತ್ತನೆಯ ದಿನ ಬೇರಾವುದೋ ಸಮೀಕ್ಷೆಗೆಂದು ಮನೆಗೆ ಬಂದ ಆಶಾ ಕಾರ್ಯಕರ್ತೆ, ಅಮ್ಮ ಗಂಜಿಯನ್ನೂ ನುಂಗಲಾರದೆ ಕುಳಿತಿದ್ದುದನ್ನು ಕಂಡರು. ಬಾಯೊಳಗೆಲ್ಲ ಹುಣ್ಣು. ಏನು ಮದ್ದು ಮಾಡುತ್ತಿದ್ದೀರಿ ಎಂದು ಕೇಳಿದಾಗ ಒಂದೇ ಮಾತ್ರೆ ಉಳಿದಿದ್ದ ಸ್ಟ್ರಿಪ್ ಹೊರಬಂತು. "ತಿಂಗಳ ಮಾತ್ರೆ ಅಂತಲೇ ಹೇಳಿದ್ದು ಆ ಮಗ. ನಾನು ಒಂದು ದಿನವೂ ತಪ್ಪಿಸಲಿಲ್ಲ" ಎಂದರಂತೆ ಅಮ್ಮ. ಆಕೆ ಸ್ಟ್ರಿಪ್ಪಿನ ಚಿತ್ರ ತೆಗೆದು ನನ್ನ ಮೊಬೈಲಿಗೆ ಕಳಿಸಿದರು. ಅದೇ ಸಂಜೆ ಅಮ್ಮನನ್ನು ಮಂಗಳೂರಿನಲ್ಲಿ ದಾಖಲಿಸಲಾಯಿತು. ಮೆಥೋಟ್ರೆಕ್ಸೇಟಿನ ಹೊಡೆತವನ್ನು ತಗ್ಗಿಸುವ ಫೋಲಿನಿಕ್ ಆಸಿಡ್ ಕೊಟ್ಟು, ಸೋಂಕು ತಗಲದಂತೆ ಕಾದು, ರಕ್ತಕಣಗಳು ಮೇಲೇರಿದ ಮೇಲೆ ಮನೆಗೆ ಕಳಿಸಿದರು. ಬದುಕಿದರು.

ವಿಚಾರಣೆ

ನಮ್ಮ ಆಂತರಿಕ ಸಭೆಯ ಮೊದಲ ಕರಡಿನಲ್ಲಿ "ಫಾರ್ಮಸಿಸ್ಟ್ ಸೂಕ್ತ ಸೂಚನೆ ನೀಡಿದ್ದರೂ ರೋಗಿಯು ಅದನ್ನು ತಪ್ಪಾಗಿ ಗ್ರಹಿಸಿರುತ್ತಾರೆ" ಎಂಬ ವಾಕ್ಯವಿತ್ತು. ಅದನ್ನು ಬರೆದವನು ನಾನೇ ಎಂಬುದನ್ನು ಇಲ್ಲಿ ಹೇಳಬೇಕು. ವಾಕ್ಯ ಸುಳ್ಳಲ್ಲ; ಆದರೆ ಅದರಿಂದ ಏನನ್ನೂ ಮಾಡಲು ಬರುವುದಿಲ್ಲ. ತಪ್ಪು ಗ್ರಹಿಸಬೇಡಿ ಎಂದು ರೋಗಿಗಳಿಗೆ ಆಜ್ಞೆ ಹೊರಡಿಸಲಾದೀತೇ?

ತಪ್ಪುಗಳು ಹೇಗೆ ಆಗುತ್ತವೆ ಎಂಬುದಕ್ಕೆ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಕೊಟ್ಟ ವಿವರಣೆ ಎಲ್ಲ ತರಬೇತಿಗಳಲ್ಲಿಯೂ ಬರುತ್ತದೆ. ವ್ಯವಸ್ಥೆಯಲ್ಲಿ ಹಲವು ರಕ್ಷಣೆಯ ಪದರಗಳಿರುತ್ತವೆ, ಒಂದೊಂದರಲ್ಲಿಯೂ ತೂತುಗಳಿರುತ್ತವೆ, ತೂತುಗಳೆಲ್ಲ ಒಂದೇ ಗೆರೆಗೆ ಬಂದ ದಿನ ಅಪಾಯ ನೇರವಾಗಿ ರೋಗಿಯನ್ನು ತಲುಪುತ್ತದೆ. ತರಬೇತುದಾರರು ಇದನ್ನು ಸ್ವಿಸ್ ಚೀಸಿನ ಹೋಲಿಕೆ ಕೊಟ್ಟು ಹೇಳುತ್ತಾರೆ. ನಮ್ಮ ಸಭೆಯಲ್ಲಿ ಯಾರೂ ಆ ಚೀಸನ್ನು ನೋಡಿದವರಲ್ಲ. ಹಿರಿಯ ಸಿಸ್ಟರ್ ಒಬ್ಬರು "ನೀರುದೋಸೆ ಒಂದರ ಮೇಲೊಂದು ಇಟ್ಟ ಹಾಗೆ ಅಲ್ವಾ" ಎಂದ ಮೇಲೆ ಚರ್ಚೆ ಸರಾಗವಾಯಿತು.

ಪದರಗಳನ್ನು ಒಂದೊಂದಾಗಿ ಎತ್ತಿ ನೋಡಿದೆವು. ಮಂಗಳೂರಿನ ಕಾಗದ ಇಂಗ್ಲಿಷಿನಲ್ಲಿತ್ತು. ಮನೆಯವರಾರಿಗೂ ಅದರಿಂದ ಉಪಯೋಗವಿರಲಿಲ್ಲ. ಒ.ಪಿ. ಚೀಟಿಯಲ್ಲಿ ದಿನವನ್ನು ಮೂರಕ್ಷರದಲ್ಲಿ ಚುಟುಕಾಗಿ ಬರೆಯಲಾಗಿತ್ತು. ಕವರಿನ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮೂರು ಚೌಕಗಳಿದ್ದವು. ವಾರಕ್ಕೊಮ್ಮೆ ಎಂದು ಗುರುತು ಮಾಡುವ ಜಾಗವೇ ಇರಲಿಲ್ಲ. ನಾಲ್ಕು ವಾರಕ್ಕೆ ನಾಲ್ಕು ಮಾತ್ರೆ ಸಾಕಾಗಿದ್ದಲ್ಲಿ ಇಡೀ ಸ್ಟ್ರಿಪ್ ಹೋಗಿತ್ತು. ಹೇಳಿದ ಮಾತು ಒಂದು ಭಾಷೆಯದು, ಕೇಳಿದ ಕಿವಿ ಇನ್ನೊಂದರದು. ಕೊನೆಯದಾಗಿ, ಅಮ್ಮ ಏನು ಅರ್ಥ ಮಾಡಿಕೊಂಡರು ಎಂದು ಯಾರೂ ಕೇಳಿರಲಿಲ್ಲ. ತಲೆಯಾಡಿಸಿದ್ದನ್ನೇ ಉತ್ತರವೆಂದು ತೆಗೆದುಕೊಂಡಿದ್ದೆವು.

ಕಾಸರಗೋಡನ್ನು ಸಪ್ತಭಾಷೆಗಳ ಸಂಗಮಭೂಮಿ ಎಂದು ವೇದಿಕೆಗಳಲ್ಲಿ ಹೊಗಳುತ್ತೇವೆ. ಔಷಧ ಕಿಟಕಿಯಲ್ಲಿ ಆ ಸಂಗಮ ಬೇರೆಯೇ ರೂಪ ತಾಳುತ್ತದೆ. ಮಲಯಾಳದಲ್ಲಿ ರಾವಿಲೆ ಎಂದರೆ ಬೆಳಿಗ್ಗೆ. ಕನ್ನಡದ ಕಿವಿ ಅದರಲ್ಲಿ ರಾತ್ರಿಯನ್ನು ಕೇಳಬಲ್ಲದು. ಉಚ್ಚಯ್ಕ್ ಎಂದರೆ ಮಧ್ಯಾಹ್ನಕ್ಕೆ. ಅದನ್ನು ಕೇಳಿ ಮುಖ ಸಣ್ಣಗೆ ಮಾಡಿಕೊಂಡ ಅಜ್ಜಿಯರನ್ನು ನಾನೇ ನೋಡಿದ್ದೇನೆ. ಇಂಥವನ್ನು ನಾವು ವರ್ಷಗಟ್ಟಲೆ ಚಹಾದ ಹೊತ್ತಿನ ನಗೆಮಾತಾಗಿ ಹಂಚಿಕೊಂಡಿದ್ದೆವು. ಅವು ಅಪಾಯದ ಮುನ್ಸೂಚನೆಗಳು ಎಂದು ಯಾರಿಗೂ ಹೊಳೆದಿರಲಿಲ್ಲ.

ರೂಪಿಸಿದ ರೂಢಿ

ಹೆಚ್ಚು ಅಪಾಯದ ಕೆಲವೇ ಔಷಧಗಳಿಗೆ, ಅಂದರೆ ಮೆಥೋಟ್ರೆಕ್ಸೇಟ್, ರಕ್ತ ತೆಳುವಾಗಿಸುವ ವಾರ್ಫರಿನ್ ಮತ್ತು ಇನ್ಸುಲಿನ್, ಇವಿಷ್ಟಕ್ಕೆ ಮಾತ್ರ ಅನ್ವಯಿಸುವಂತೆ ಒಂದು ಕ್ರಮವನ್ನು ಗೊತ್ತುಮಾಡಿದೆವು. ವಾರದ ಮಾತ್ರೆಯಾದರೆ ನಾಲ್ಕನ್ನೇ ಕತ್ತರಿಸಿ ಕೊಡುವುದು. ಕವರಿನ ಮೇಲೆ ವಾರದ ದಿನವನ್ನು ಪೂರ್ತಿಯಾಗಿ ಬರೆಯುವುದು. ಆ ಬಳಿಕ "ಗೊತ್ತಾಯಿತಾ?" ಎಂದು ಕೇಳದೆ, "ಅಮ್ಮಾ, ಮನೆಗೆ ಹೋಗಿ ಇದನ್ನು ಯಾವಾಗ ತೆಗೆದುಕೊಳ್ಳುತ್ತೀರಿ, ನನಗೊಮ್ಮೆ ಹೇಳಿ" ಎಂದು ರೋಗಿಯಿಂದ ಅವರದೇ ಭಾಷೆಯಲ್ಲಿ ತಿರುಗಿ ಹೇಳಿಸುವುದು. ಕೊನೆಗೆ ರೋಗಿಯ ಹೆಸರನ್ನು ಆ ವಾರ್ಡಿನ ಆಶಾ ಕಾರ್ಯಕರ್ತೆಗೋ ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡುವ ಪಂಚಾಯತಿನ ಪಾಲಿಯೇಟಿವ್ ಸಿಸ್ಟರಿಗೋ ತಿಳಿಸಿ, ಮೊದಲ ವಾರದೊಳಗೆ ಒಮ್ಮೆ ಕವರನ್ನು ನೋಡಿಬರುವಂತೆ ಕೇಳಿಕೊಳ್ಳುವುದು.

ಬರೆಯುವುದು ಯಾವ ಲಿಪಿಯಲ್ಲಿ ಎಂಬುದು ಸುಲಭದ ಪ್ರಶ್ನೆಯಾಗಿರಲಿಲ್ಲ. ಅಮ್ಮನಿಗೆ ಓದು ಬಾರದು; ಮಗ ಕನ್ನಡ ಮಾಧ್ಯಮದಲ್ಲಿ ಕಲಿತವನು; ಮೊಮ್ಮಗನಿಗೆ ಮಲಯಾಳ ಮತ್ತು ಇಂಗ್ಲಿಷ್ ಮಾತ್ರ ಓದಲು ಬರುತ್ತದೆ. ಇಂಥ ಮನೆಗಳು ಇಲ್ಲಿ ಅಪರೂಪವಲ್ಲ. ರೋಗಿಯ ಮಾತೃಭಾಷೆ ಯಾವುದು ಎಂದು ನಾವು ಆರಂಭದಲ್ಲಿ ಕೇಳುತ್ತಿದ್ದೆವು. ಕೆಲವು ವಾರಗಳ ಬಳಿಕ ಆ ಪ್ರಶ್ನೆಯನ್ನು ಬಿಟ್ಟು, "ಮನೆಯಲ್ಲಿ ಮಾತ್ರೆ ಎತ್ತಿಕೊಡುವವರು ಯಾರು?" ಎಂದು ಕೇಳತೊಡಗಿದೆವು. ಕವರಿನ ಲಿಪಿ ಆ ವ್ಯಕ್ತಿಯದ್ದು. ಇಡೀ ಕ್ರಮದಲ್ಲಿ ಅತ್ಯಂತ ಹೆಚ್ಚು ಕೆಲಸ ಮಾಡಿದ್ದು ಈ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ. ಇದು ಯಾವ ಮಾರ್ಗಸೂಚಿಯನ್ನು ನೋಡಿ ಬಂದದ್ದೂ ಅಲ್ಲ.

ಮೊದಲ ಹರಡುವಿಕೆ

ನಮ್ಮಲ್ಲಿ ರೂಢಿ ನೆಲೆಯೂರಿದ ಮೇಲೆ, ಅದನ್ನು ಸುತ್ತಲಿನ ಆರು ಕೇಂದ್ರಗಳಲ್ಲಿಯೂ ತರಬೇಕೆಂದು ತೀರ್ಮಾನವಾಯಿತು. ಸರ್ಕಾರಿ ವ್ಯವಸ್ಥೆಗೆ ತಿಳಿದ ದಾರಿಯನ್ನೇ ಹಿಡಿದೆವು. ಸುತ್ತೋಲೆ ಹೋಯಿತು. ಮಧ್ಯಾಹ್ನದ ಊಟವೂ ಸೇರಿದ ಅರ್ಧ ದಿನದ ತರಬೇತಿ ನಡೆಯಿತು. ಎರಡು ಭಾಷೆಗಳಲ್ಲಿ ಭಿತ್ತಿಪತ್ರ ಮುದ್ರಣವಾಯಿತು. ವಿತರಣಾ ಪುಸ್ತಕದಲ್ಲಿ "ತಿರುಗಿ ಹೇಳಿಸಲಾಗಿದೆ" ಎಂಬ ಹೊಸ ಅಂಕಣ ಸೇರಿತು.

ಮೂರು ತಿಂಗಳ ಬಳಿಕ ನಾನು ಕೇಂದ್ರಗಳಿಗೆ ಹೋಗಿ ನೋಡಿದಾಗ ಆ ಅಂಕಣ ಎಲ್ಲೆಡೆಯೂ ಭರ್ತಿಯಾಗಿತ್ತು. ಒಂದು ಕೇಂದ್ರದಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕಿಟಕಿಯ ಪಕ್ಕದಲ್ಲಿಯೇ ಕುಳಿತೆ. ಒಬ್ಬರಿಂದಲೂ ತಿರುಗಿ ಹೇಳಿಸಲಿಲ್ಲ. ಸರದಿ ಮುಗಿದ ಮೇಲೆ ಫಾರ್ಮಸಿಸ್ಟ್ ಪುಸ್ತಕ ತೆರೆದು, ಮೇಲಿಂದ ಕೆಳಗಿನವರೆಗೆ ಒಂದೇ ಉಸಿರಿಗೆ ಗುರುತು ಹಾಕಿದರು, ನನ್ನೆದುರಿಗೇ, ಯಾವ ಅಳುಕೂ ಇಲ್ಲದೆ. ಅವರ ದೃಷ್ಟಿಯಲ್ಲಿ ಅಂಕಣ ತುಂಬುವುದೇ ಕೆಲಸ. ಮೇಲಿನವರು ಕೇಳುವುದೂ ಅದನ್ನೇ. ಇನ್ನೊಂದು ಕೇಂದ್ರದಲ್ಲಿ ಅತ್ಯುತ್ಸಾಹದ ವೈದ್ಯಾಧಿಕಾರಿಯೊಬ್ಬರು ಮೂರು ಔಷಧಗಳಿಗೆ ಸೀಮಿತವಾಗಿದ್ದುದನ್ನು ಎಲ್ಲ ಔಷಧಗಳಿಗೂ ವಿಸ್ತರಿಸಿದ್ದರು. ಜ್ವರದ ಸೀಸನ್ನಿನಲ್ಲಿ ಒಬ್ಬನೇ ಫಾರ್ಮಸಿಸ್ಟ್ ಇರುವ ಕಿಟಕಿಯಲ್ಲಿ ಪ್ಯಾರಾಸಿಟಮಾಲಿಗೂ ತಿರುಗಿ ಹೇಳಿಸಿದರೆ ಸರದಿ ಗೇಟಿನಾಚೆ ಹೋಗುತ್ತದೆ. ಒಂದೇ ವಾರದಲ್ಲಿ ಕ್ರಮ ನಿಂತುಹೋಗಿತ್ತು, ಮೆಥೋಟ್ರೆಕ್ಸೇಟಿಗೂ ಸೇರಿಸಿ.

ಇದೇ ಜಿಲ್ಲೆಯ ದಕ್ಷಿಣದಲ್ಲಿರುವ ಕಯ್ಯೂರಿನ ಕುಟುಂಬ ಆರೋಗ್ಯ ಕೇಂದ್ರ ರಾಷ್ಟ್ರೀಯ ಗುಣಮಟ್ಟ ಮೌಲ್ಯಮಾಪನದಲ್ಲಿ 100ಕ್ಕೆ 99 ಅಂಕ ಪಡೆದಿದೆ. ಆದ್ದರಿಂದ ನಮ್ಮ ಕಡೆಯವರಿಗೆ ಆಗದು ಎಂಬ ಮಾತಿಗೆ ಅರ್ಥವಿರಲಿಲ್ಲ. ತಪ್ಪಿದ್ದದ್ದು ನಾವು ಒಯ್ದ ರೀತಿ.

ಬೇರೆಡೆ ಆದದ್ದು

ಆಗ ನಾನು ಇಂಥ ರೂಢಿಗಳು ಬೇರೆಡೆ ಹೇಗೆ ಹರಡಿದವು ಎಂದು ಓದತೊಡಗಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ಒಂದು ಚೆಕ್‌ಲಿಸ್ಟನ್ನು ಹೊರತಂದಿತು. ದೆಹಲಿಯ ಒಂದು ಆಸ್ಪತ್ರೆಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೂ, ತೊಡಕುಗಳು ಶೇ. 11ರಿಂದ 7ಕ್ಕೂ ಇಳಿದುದಾಗಿ 2009ರಲ್ಲಿ ವರದಿಯಾಯಿತು. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಅದೇ ಬಗೆಯ ಚೆಕ್‌ಲಿಸ್ಟ್ ಆಸ್ಪತ್ರೆಗಳಿಗೆಲ್ಲ ವ್ಯಾಪಿಸಿದ ಮೇಲೆ 101 ಆಸ್ಪತ್ರೆಗಳ ಲೆಕ್ಕ ತೆಗೆದರೆ ಸಾವಿನ ಪ್ರಮಾಣ ಶೇ. 0.71ರಿಂದ 0.65ಕ್ಕೆ ಬಂದಿತ್ತಷ್ಟೆ. ಅದು ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸವಲ್ಲ ಎಂದು 2014ರ ಅಧ್ಯಯನ ಹೇಳಿತು. ಎರಡೂ ಕಡೆ ಹಾಳೆ ಹೆಚ್ಚುಕಡಿಮೆ ಒಂದೇ ಬಗೆಯದು. ಮೊದಲನೆಯ ಕಡೆ ಅದನ್ನು ಕೈಹಿಡಿದು ಕಲಿಸಿದ ತಂಡವಿತ್ತು. ಎರಡನೆಯ ಕಡೆ ಹಾಳೆ ಪಾಲನೆಯಾದ ವರದಿಗಳಿದ್ದವು. ನಾನು ಕಿಟಕಿಯ ಪಕ್ಕದಲ್ಲಿ ಕುಳಿತು ನೋಡಿದ ಕೇಂದ್ರದ ಅಂಕಣವೂ ಹಾಗೆಯೇ ತುಂಬಿತ್ತು.

ನನಗೆ ಇನ್ನೂ ಹತ್ತಿರವೆನಿಸಿದ್ದು ಹೆರಿಗೆಯ ಚೆಕ್‌ಲಿಸ್ಟಿನ ಕಥೆ. ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ಅದನ್ನು ಮೊದಲು ಪ್ರಯೋಗಿಸಿದಾಗ, ಪ್ರತಿ ಹೆರಿಗೆಯಲ್ಲಿ ನಡೆಯಬೇಕಾದ 29 ಕ್ರಮಗಳಲ್ಲಿ ಸರಾಸರಿ 10 ನಡೆಯುತ್ತಿದ್ದುದು 25ಕ್ಕೆ ಏರಿತೆಂದು 2012ರಲ್ಲಿ ಪ್ರಕಟವಾಯಿತು. ಬಳಿಕ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು. ಅರ್ಧದಷ್ಟು ಕೇಂದ್ರಗಳಿಗೆ ಎಂಟು ತಿಂಗಳ ಕಾಲ ತರಬೇತುದಾರರು ಹೋಗಿ ಬಂದರು, ಮೊದಮೊದಲು ಪದೇಪದೇ, ಬರಬರುತ್ತ ಅಪರೂಪವಾಗಿ. ಎರಡನೆಯ ತಿಂಗಳಲ್ಲಿ ಆ ಕೇಂದ್ರಗಳು ಅಗತ್ಯ ಕ್ರಮಗಳಲ್ಲಿ ಶೇ. 72.8ರಷ್ಟನ್ನು ಪಾಲಿಸುತ್ತಿದ್ದವು, ಉಳಿದ ಕೇಂದ್ರಗಳಲ್ಲಿ ಇದು ಶೇ. 41.7. ತರಬೇತುದಾರರು ಹೋಗುವುದನ್ನು ನಿಲ್ಲಿಸಿ ನಾಲ್ಕು ತಿಂಗಳಾದ ಮೇಲೆ ನೋಡಿದರೆ 72.8 ಇದ್ದುದು 61.7ಕ್ಕೆ ಇಳಿದಿತ್ತು. ತಾಯಿ ಮತ್ತು ಶಿಶುಗಳ ಸಾವಿನಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ.

2017ರ ಆ ಫಲಿತಾಂಶವನ್ನು ಚೆಕ್‌ಲಿಸ್ಟಿನ ಸೋಲು ಎಂದು ಓದಿದವರಿದ್ದಾರೆ. ನನಗೆ ಅದರಲ್ಲಿ ಎದ್ದು ಕಂಡದ್ದು, ಬಂದು ಪಕ್ಕದಲ್ಲಿ ನಿಲ್ಲುವ ಒಬ್ಬ ಮನುಷ್ಯ ಇದ್ದಾಗ ಕೈ ಒಂದು ರೀತಿ ಕೆಲಸ ಮಾಡುತ್ತದೆ, ಆತ ಹೋದ ಮೇಲೆ ಸ್ವಲ್ಪಸ್ವಲ್ಪವಾಗಿ ಹಳೆಯದಕ್ಕೆ ಮರಳುತ್ತದೆ ಎಂಬುದು. ಹಾಗಾದರೆ ಪಕ್ಕದಲ್ಲಿ ನಿಲ್ಲುವವನು ಹೊರಗಿನಿಂದ ಬಂದವನಾಗಿರಬಾರದು, ಅಲ್ಲಿಯೇ ಉಳಿಯುವವನಾಗಿರಬೇಕು.

ಎರಡನೆಯ ಹರಡುವಿಕೆ

ಎರಡನೆಯ ಸಲ ಸುತ್ತೋಲೆ ಕಳಿಸಲಿಲ್ಲ. ಪ್ರತಿ ಕೇಂದ್ರದಿಂದ ಒಬ್ಬ ಫಾರ್ಮಸಿಸ್ಟ್ ಅಥವಾ ಸಿಸ್ಟರ್ ಒಂದು ಪೂರ್ತಿ ದಿನ ನಮ್ಮ ಕಿಟಕಿಯಲ್ಲಿ ಕುಳಿತು ಕೆಲಸ ಮಾಡಿದರು, ನೋಡಲಿಲ್ಲ, ಮಾಡಿದರು. ಒಂದು ವಾರದ ಬಳಿಕ ನಮ್ಮಲ್ಲೊಬ್ಬರು ಅವರ ಕಿಟಕಿಗೆ ಹೋದೆವು, ತಿಂಗಳ ಬಳಿಕ ಮತ್ತೊಮ್ಮೆ. ಈ ಓಡಾಟದಲ್ಲಿ ಹೆಚ್ಚಿನ ಪಾಲು, ಅಮ್ಮನಿಗೆ ಮಾತ್ರೆ ಕೊಟ್ಟ ಅದೇ ಯುವಕನದು. ಆತನನ್ನು ಕಳಿಸುವುದು ಸರಿಯೇ ಎಂದು ನಮ್ಮಲ್ಲಿ ಕೆಲವರು ಹಿಂದೆಮುಂದೆ ನೋಡಿದ್ದರು. ಆದರೆ "ಇದು ನನ್ನ ಕೈಯಿಂದ ಆದದ್ದು" ಎಂದು ಆತ ಹೇಳಿ ಆರಂಭಿಸಿದಾಗ ಎದುರಿಗಿದ್ದವರು ಕೇಳುತ್ತಿದ್ದ ರೀತಿಯೇ ಬೇರೆಯಾಗಿತ್ತು. ನಾನು ಹೋದಾಗ ಮೇಲಧಿಕಾರಿ ತಪಾಸಣೆಗೆ ಬಂದಂತೆ ಎದ್ದು ನಿಲ್ಲುತ್ತಿದ್ದರು.

ಬದಲಿಸಬಾರದ್ದು ಎರಡೇ ಎಂದು ಹೇಳಿದೆವು. ಲೆಕ್ಕ ಮಾಡಿ ಕತ್ತರಿಸಿ ಕೊಡುವುದು ಮತ್ತು ತಿರುಗಿ ಹೇಳಿಸುವುದು. ಉಳಿದದ್ದನ್ನು ನಿಮ್ಮ ಊರಿಗೆ ತಕ್ಕಂತೆ ಮಾಡಿಕೊಳ್ಳಿ ಎಂದೆವು. ಅವರು ಮಾಡಿಕೊಂಡ ಬದಲಾವಣೆಗಳಲ್ಲಿ ಕೆಲವು ನಮ್ಮ ಮೂಲಕ್ಕಿಂತ ಚೆನ್ನಾಗಿದ್ದವು.

ಕರಾವಳಿಯ ಒಂದು ಕೇಂದ್ರದ ಸುತ್ತ ಬ್ಯಾರಿ ಮತ್ತು ಮಲಯಾಳ ಮಾತಾಡುವ ಮನೆಗಳು ಹೆಚ್ಚು; ಗಂಡಸರು ಗಲ್ಫಿನಲ್ಲಿ. ಮನೆಯ ಔಷಧದ ಉಸ್ತುವಾರಿ ಎಷ್ಟೋ ಕಡೆ ದುಬೈನಲ್ಲಿರುವ ಮಗನಿಂದಲೇ ಫೋನಿನಲ್ಲಿ ನಡೆಯುತ್ತದೆ. ಅಲ್ಲಿನ ಸಿಸ್ಟರ್, ರೋಗಿಯಿಂದ ತಿರುಗಿ ಹೇಳಿಸುವ ಮಾತನ್ನು ಅವರದೇ ಮೊಬೈಲಿನಲ್ಲಿ ವಾಟ್ಸ್ಯಾಪ್ ಧ್ವನಿ ಸಂದೇಶವಾಗಿ ಮುದ್ರಿಸಿ ಮನೆಯ ಗುಂಪಿಗೆ ಹಾಕಿಸತೊಡಗಿದರು. ಲಿಪಿಯ ಸಮಸ್ಯೆಯೇ ಅಲ್ಲಿಗೆ ಮುಗಿಯಿತು. ಇದನ್ನು ನಾವು ತಿರುಗಿ ನಮ್ಮ ಆಸ್ಪತ್ರೆಗೆ ತಂದುಕೊಂಡೆವು. ಅದೇ ಕೇಂದ್ರ ವಾರದ ದಿನವನ್ನು ಶುಕ್ರವಾರಕ್ಕೆ ಬದಲಿಸಲು ವೈದ್ಯರ ಒಪ್ಪಿಗೆ ಪಡೆಯಿತು; ಜುಮಾದ ದಿನ ಯಾವುದೆಂದು ಆ ಮನೆಗಳಲ್ಲಿ ಯಾರೂ ಮರೆಯುವುದಿಲ್ಲ. ಗುಡ್ಡದ ಕಡೆಯ ಒಂದು ಕೇಂದ್ರ ಸೋಮವಾರವನ್ನು ಬಿಟ್ಟದ್ದಕ್ಕೆ ಬೇರೆ ಕಾರಣವಿತ್ತು. ಸೋಮವಾರ ಒಪ್ಪೊತ್ತು ಮಾಡುವ ಹೆಂಗಸರು ಅಂದು ಮಾತ್ರೆಯನ್ನೂ ಬಿಡುತ್ತಿದ್ದರಂತೆ.

ಇನ್ಸುಲಿನ್ನಿನ ಒಂದು ಅಪಾಯ ಹೊರಬಿದ್ದದ್ದೂ ಕರಾವಳಿಯ ಈ ಕೇಂದ್ರದಿಂದಲೇ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ವಿದೇಶದಿಂದ ಬರುವ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 100 ಯೂನಿಟ್. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು. ಗಲ್ಫಿನಿಂದ ಮಗ ತಂದ ಬಾಟಲಿಯಿಂದ ಇಲ್ಲಿನ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ, ಗೆರೆ ಸರಿಯಾಗಿಯೇ ಇದ್ದರೂ ದೇಹಕ್ಕೆ ಹೋಗುವುದು ಎರಡೂವರೆ ಪಟ್ಟು. ಹೇಗೆ ಚುಚ್ಚಿಕೊಳ್ಳುತ್ತೀರಿ, ತೋರಿಸಿ ಎಂದು ಸಿಸ್ಟರ್ ಕೇಳಿದಾಗ ಒಬ್ಬ ಹಿರಿಯರು ಚೀಲದಿಂದ ತೆಗೆದದ್ದು ಈ ಜೋಡಿಯನ್ನೇ. ಯಾವ ಚೀಟಿಯಲ್ಲಿಯೂ ಅದು ದಾಖಲಾಗಿರಲಿಲ್ಲ, ದಾಖಲಾಗುವಂತೆಯೂ ಇರಲಿಲ್ಲ.

ಆರರಲ್ಲಿ ನಾಲ್ಕು ಕೇಂದ್ರಗಳಲ್ಲಿ ರೂಢಿ ನಿಂತಿತು. ಐದನೆಯದರಲ್ಲಿ ಫಾರ್ಮಸಿಸ್ಟ್ ವರ್ಗಾವಣೆಯಾಗಿ ಹುದ್ದೆ ಖಾಲಿ ಬಿದ್ದು, ಕೈಗೆ ಸಿಕ್ಕವರು ಮದ್ದು ಕೊಡುವ ಸ್ಥಿತಿ ಬಂದಾಗ ಎಲ್ಲವೂ ಬಿದ್ದುಹೋಯಿತು. ಆರನೆಯದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಅಲ್ಲಿ ಇಂಥ ರೋಗಿಗಳೇ ಇಲ್ಲವೆಂದರು, ನಾವೂ ಒತ್ತಾಯಿಸಲಿಲ್ಲ.

ಪುಸ್ತಕವೊಂದರ ಸುತ್ತ

ಇದರ ಜೊತೆಗೆ ಒಂದು ಪುಸ್ತಕ ಇಟ್ಟೆವು. ತಿರುಗಿ ಹೇಳಿಸಿದಾಗ ರೋಗಿ ತಪ್ಪು ಹೇಳಿದರೆ, ಅಂದರೆ ತಪ್ಪು ಮನೆ ಸೇರುವ ಮೊದಲೇ ಕಿಟಕಿಯಲ್ಲಿ ಸಿಕ್ಕಿಬಿದ್ದರೆ, ಅದನ್ನು ಎರಡು ಸಾಲಿನಲ್ಲಿ ಬರೆಯುವುದು. ರೋಗಿಯ ಹೆಸರಿಲ್ಲ, ಸಿಬ್ಬಂದಿಯ ಹೆಸರೂ ಇಲ್ಲ. ಮೊದಲ ತಿಂಗಳು ಎಲ್ಲ ಕೇಂದ್ರಗಳಲ್ಲಿಯೂ ಪುಟ ಖಾಲಿ. ಬರೆದರೆ ಮೆಮೊ ಬರುತ್ತದೆ ಎಂಬ ಭಯ ಸರ್ಕಾರಿ ನೌಕರನಿಗೆ ಹುಟ್ಟಿನಿಂದ ಬಂದದ್ದು. ನಮ್ಮ ವೈದ್ಯಾಧಿಕಾರಿ ತಾವೇ ಚೀಟಿಯಲ್ಲಿ ಮಾಡಿದ್ದ ಒಂದು ತಪ್ಪನ್ನು ಮೊದಲ ಪುಟದಲ್ಲಿ ತಮ್ಮ ಕೈಯಾರೆ ಬರೆದರು. ಆಮೇಲೆ ಪುಟಗಳು ತುಂಬತೊಡಗಿದವು.

ತೊಂದರೆ ಬಂದದ್ದು ಮೇಲಿನ ಸಭೆಯಲ್ಲಿ. ಕೇಂದ್ರವಾರು ಲೆಕ್ಕ ಓದಿದಾಗ, ಅತಿ ಹೆಚ್ಚು ನಮೂದು ಇದ್ದ ಕರಾವಳಿ ಕೇಂದ್ರವನ್ನು ನಿಲ್ಲಿಸಿ ಕಾರಣ ಕೇಳಲಾಯಿತು. ಒಂದೂ ನಮೂದು ಇಲ್ಲದ ಕೇಂದ್ರಕ್ಕೆ ಶಹಬಾಸ್ ಸಿಕ್ಕಿತು. ಮನೆಗೆ ಹೋಗಬಹುದಾಗಿದ್ದ ತಪ್ಪುಗಳನ್ನು ಕಿಟಕಿಯಲ್ಲಿಯೇ ಹಿಡಿದವರು ಅಪರಾಧಿಗಳಾದರು. ಸೊನ್ನೆ ಎಂದರೆ ಎರಡು ಅರ್ಥ, ತಪ್ಪು ನಡೆದಿಲ್ಲ ಅಥವಾ ಯಾರೂ ನೋಡಿಲ್ಲ ಎಂದು ವಿವರಿಸಲು ನಮಗೆ ಇನ್ನೂ ಎರಡು ಸಭೆಗಳು ಬೇಕಾದವು. ಆ ಸಿಸ್ಟರ್ ಅಷ್ಟರಲ್ಲಿ ಬರೆಯುವುದನ್ನು ನಿಲ್ಲಿಸಿದ್ದರು. ನಾವು ಹೋಗಿ ಕೇಳಿಕೊಂಡ ಮೇಲೆ ಮತ್ತೆ ಆರಂಭಿಸಿದರು, ಆದರೆ ಹಿಂದಿನಷ್ಟು ಧಾರಾಳವಾಗಿ ಅಲ್ಲ.

ಗಡಿಯಾಚೆ

ತಪ್ಪಿನ ಮೊದಲ ಪದರ ಇದ್ದದ್ದು ಮಂಗಳೂರಿನ ಕಾಗದದಲ್ಲಿ. ಅದು ಇನ್ನೊಂದು ರಾಜ್ಯ. ನಮ್ಮ ಜಿಲ್ಲೆಯ ಯಾವ ಅಧಿಕಾರಿಯ ಸುತ್ತೋಲೆಯೂ ತಲಪಾಡಿ ದಾಟಿ ಹೋಗುವುದಿಲ್ಲ. 2020ರ ಮಾರ್ಚಿನಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ, ಇಲ್ಲಿನ ಎಷ್ಟು ಮನೆಗಳ ಔಷಧ ಮಂಗಳೂರಿನ ಮೇಲೆ ನಿಂತಿದೆ ಎಂಬುದು ಎಲ್ಲರಿಗೂ ಕಂಡಿತ್ತು. ರಸ್ತೆ ತೆರೆದ ಮೇಲೆ ಅದನ್ನು ಮರೆತೆವು.

ಆಜ್ಞೆ ಹೋಗದ ಕಡೆಗೆ ರೋಗಿಯ ಪ್ಲಾಸ್ಟಿಕ್ ಚೀಲ ಹೋಗುತ್ತದೆ. ಅದರೊಳಗೆ, ಮೇಲಿನ ಕಾಗದಕ್ಕೇ ಪಿನ್ ಮಾಡಿ, ಅಂಗೈಯಗಲದ ಒಂದು ಚೀಟಿ ಇಡತೊಡಗಿದೆವು. "ಈ ರೋಗಿ ಔಷಧವನ್ನು ಕೇರಳದ ಸರ್ಕಾರಿ ಕೇಂದ್ರದಿಂದ ಪಡೆಯುತ್ತಾರೆ. ದಯವಿಟ್ಟು ವಾರದ ದಿನವನ್ನು ಪೂರ್ಣವಾಗಿ, ಸಾಧ್ಯವಾದರೆ ಕನ್ನಡದಲ್ಲಿಯೂ, ಬರೆಯಿರಿ, ಸೋಮವಾರ ಬೇಡ." ಕೆಲವು ವೈದ್ಯರು ಬರೆದುಕೊಟ್ಟರು. ಕೆಲವರು ಚೀಟಿಯನ್ನು ತೆಗೆದು ಬಿಸಾಡಿದರು. ಒಬ್ಬ ವೈದ್ಯೆ ಅದರ ಹಿಂಬದಿಯಲ್ಲಿಯೇ ತಮ್ಮ ವಿಭಾಗದ ದೂರವಾಣಿ ಸಂಖ್ಯೆ ಬರೆದು ಕಳಿಸಿದ್ದರು. ಇಂದಿಗೂ ಸಂಶಯ ಬಂದಾಗ ಫೋನ್ ಹೋಗುವುದು ಆ ಸಂಖ್ಯೆಗೇ.

ಖಾಲಿ ಹುದ್ದೆಯಿಂದಾಗಿ ರೂಢಿ ಬಿದ್ದುಹೋಗಿದ್ದ ಐದನೆಯ ಕೇಂದ್ರದಲ್ಲಿ ಅದು ಮತ್ತೆ ಎದ್ದದ್ದು ನಮ್ಮಿಂದಲ್ಲ. ಅಲ್ಲಿನ ಆಶಾ ಕಾರ್ಯಕರ್ತೆಯರು, ಮೊದಲ ವಾರ ನೋಡಿಬರಬೇಕಾದ ಹೆಸರುಗಳು ಬರುವುದು ನಿಂತಿದೆಯೆಂದು ಪಂಚಾಯತಿನ ಸಭೆಯಲ್ಲಿ ಕೇಳಿದರು. ಆ ಹೆಸರುಗಳಿಗಾಗಿ ಕಾಯುವವರು ಇದ್ದಾರೆ ಎಂಬುದು ಹೊಸದಾಗಿ ಬಂದ ಫಾರ್ಮಸಿಸ್ಟರಿಗೆ ಹಾಗೆ ತಿಳಿಯಿತು.

ಆ ಯುವಕನಿಗೆ ಕಳೆದ ವರ್ಷ ಇಡುಕ್ಕಿ ಜಿಲ್ಲೆಗೆ ವರ್ಗವಾಯಿತು, ಚಹಾ ತೋಟಗಳ ನಡುವಿನ ಒಂದು ಆಸ್ಪತ್ರೆಗೆ. ದಕ್ಷಿಣದಿಂದ ಬಂದವರು ಕಾಸರಗೋಡಿನಲ್ಲಿ ಉಳಿಯುವುದು ಕಡಮೆ. ಹೋಗಿ ಎರಡು ತಿಂಗಳಾದ ಮೇಲೆ ಫೋನ್ ಬಂತು. ಅಲ್ಲಿನ ತೋಟದ ಕಾರ್ಮಿಕರು ತಮಿಳರು. ತಮಿಳಿನಲ್ಲಿಯೂ ತಿಂಗಳ್ ಎಂದರೆ ಸೋಮವಾರವೂ ಹೌದು, ಮೂವತ್ತು ದಿನವೂ ಹೌದು. ಮಾತ್ರೆಗೆ ಅವರು ಮಾತ್ತಿರೈ ಎನ್ನುತ್ತಾರೆ. "ಸರ್, ಇಲ್ಲಿಯೂ ಅದೇ ವಾಕ್ಯ ಹೇಳುತ್ತಿದ್ದಾರೆ" ಎಂದರು, ಕಾಸರಗೋಡಿನಲ್ಲಿ ಕಲಿತ ಕನ್ನಡದಲ್ಲಿ. ಜೊತೆಗೆ ಒಂದು ಚಿತ್ರ ಕಳಿಸಿದ್ದರು. ನಾಲ್ಕು ಮಾತ್ರೆಗಳ ಕತ್ತರಿಸಿದ ಸ್ಟ್ರಿಪ್, ಕವರಿನ ಮೇಲೆ ನೀಲಿ ಶಾಯಿಯಲ್ಲಿ, ಆಗಷ್ಟೇ ಕಲಿತವರ ದುಂಡು ತಮಿಳು ಅಕ್ಷರಗಳಲ್ಲಿ, ಗುರುವಾರ.